ಸಂಬಳ ತುಮಕೂರಿನಲ್ಲಿ, ಕೆಲಸ ಜರ್ಮನಿಯಲ್ಲಿ: ತೆರಿಗೆ ಯಾರ ತಲೆ ಮೇಲೆ?

ತುಮಕೂರಿನ ಸಣ್ಣಪುಟ್ಟ ಕಂಪನಿಗಳಿಗೆ ಸಂಬಳದ ಲೆಕ್ಕ, ಪಿಎಫ್, ಟಿಡಿಎಸ್ (ಸಂಬಳದಲ್ಲೇ ಹಿಡಿದು ಕಟ್ಟುವ ಆದಾಯ ತೆರಿಗೆ) ನೋಡಿಕೊಡುವುದು ನನ್ನ ಕೆಲಸ. ಮೊದಲೆಲ್ಲ ತಿಂಗಳ ಕೊನೆಗೆ ಹಾಜರಿ ಪಟ್ಟಿ ಬರುತ್ತಿತ್ತು. ಸಂಬಳ ಹಾಕಿ, ತಲೆಗೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿದು, ಪಿಎಫ್ ಚಲನ್ ಕಟ್ಟಿದರೆ ಆ ತಿಂಗಳ ಕೆಲಸ ಮುಗಿಯುತ್ತಿತ್ತು. ಈಗ ಹಾಗಿಲ್ಲ. ವಸಂತನರಸಾಪುರ, ಅಂತರಸನಹಳ್ಳಿ ಕಡೆ ತಯಾರಾದ ಮಷಿನ್‌ಗಳು ಹೊರದೇಶಕ್ಕೆ ಹೋಗುತ್ತಿವೆ, ಮಷಿನ್ ಹಿಂದೆಯೇ ಅದನ್ನು ಕೂರಿಸಿ, ಓಡಿಸಿ ತೋರಿಸಿ, ಅಲ್ಲಿಯವರಿಗೆ ಕಲಿಸಿ ಬರುವುದಕ್ಕೆ ನಮ್ಮ ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಸರ್ವಿಸ್ ಎಂಜಿನಿಯರ್‌ಗಳೂ ಹೋಗುತ್ತಿದ್ದಾರೆ. ಕೆಲವರು ಎರಡು ವಾರಕ್ಕೆ, ಕೆಲವರು ಎರಡು ತಿಂಗಳಿಗೆ, ಇನ್ನು ಕೆಲವರು ವರ್ಷಗಟ್ಟಲೆ.

ಇದು ನಮ್ಮ ಊರಿಗೆ ಒಳ್ಳೆಯದೇ. ನಮ್ಮ ಐಟಿಐ ಹುಡುಗರು ಜರ್ಮನಿಯ ಫ್ಯಾಕ್ಟರಿಯಲ್ಲಿ ನಿಂತು ನಮ್ಮ ಮಷಿನ್ ಓಡಿಸುತ್ತಾರೆ ಅಂದರೆ ನನಗೂ ಹೆಮ್ಮೆ. ಆದರೆ ಅವರನ್ನು ಕಳಿಸುವ ಮುಂಚೆ ವೀಸಾ, ಟಿಕೆಟ್, ಹೋಟೆಲ್ ಬಗ್ಗೆ ಹತ್ತು ಸಲ ಮಾತಾಡುವ ಕಂಪನಿಗಳು ಸಂಬಳ ಮತ್ತು ತೆರಿಗೆ ಬಗ್ಗೆ ಒಂದು ಸಲವೂ ಮಾತಾಡುವುದಿಲ್ಲ. ಯಜಮಾನರು ಹೇಳುವುದು ಒಂದೇ ಮಾತು: "ಸಂಬಳ ನಾವು ಇಲ್ಲೇ ಕೊಡ್ತೀವಿ ಸರ್, ಟಿಡಿಎಸ್ಸೂ ಇಲ್ಲೇ ಕಟ್ತೀವಿ, ಆ ದೇಶದವರಿಗೇನು ಸಂಬಂಧ?"

ಸಂಬಂಧ ಇದೆ. ಜಾಸ್ತಿಯೇ ಇದೆ. ಸಂಬಳ ಯಾವ ಬ್ಯಾಂಕಿನಿಂದ ಹೋಯಿತು ಅನ್ನುವುದನ್ನು ಯಾವ ದೇಶವೂ ಮೊದಲು ಕೇಳುವುದಿಲ್ಲ. ಕೆಲಸ ಮಾಡುವಾಗ ಆ ಮನುಷ್ಯ ಎಲ್ಲಿದ್ದ ಅನ್ನುವುದೇ ಮೊದಲ ಪ್ರಶ್ನೆ. ಜರ್ಮನಿಯ ನೆಲದಲ್ಲಿ ನಿಂತು ಸ್ಪ್ಯಾನರ್ ಹಿಡಿದರೆ ಆ ದಿನದ ಕೂಲಿಯ ಮೇಲೆ ಜರ್ಮನಿಗೆ ಹಕ್ಕು ಹುಟ್ಟುತ್ತದೆ. ಆ ಹಕ್ಕನ್ನು ಅವರು ಬಿಟ್ಟುಕೊಡುವುದು ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದ ಹಾಗೆ ಎರಡು ದೇಶಗಳು ಮಾಡಿಕೊಂಡಿರುವ ಒಪ್ಪಂದದ ಷರತ್ತುಗಳು ಪೂರೈಸಿದಾಗ ಮಾತ್ರ. ಭಾರತಕ್ಕೆ ಇಂಥ ಒಪ್ಪಂದ 90ಕ್ಕೂ ಜಾಸ್ತಿ ದೇಶಗಳ ಜೊತೆ ಇದೆ. ಭಾಷೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಸಂಬಳದ ವಿಷಯದಲ್ಲಿ ಬಹುತೇಕ ಎಲ್ಲದರಲ್ಲೂ ಮೂರು ಷರತ್ತು. ನೌಕರ ಅಲ್ಲಿ 183 ದಿನಕ್ಕಿಂತ ಜಾಸ್ತಿ ಇರಬಾರದು. ಸಂಬಳ ಕೊಡುವವರು ಆ ದೇಶದ ಕಂಪನಿ ಆಗಿರಬಾರದು. ಆ ಸಂಬಳದ ಖರ್ಚನ್ನು ನಿಮ್ಮ ಕಂಪನಿಗೆ ಆ ದೇಶದಲ್ಲಿರುವ ಕಾಯಂ ನೆಲೆ (ಕಚೇರಿ, ಶಾಖೆಯಂಥ ವ್ಯವಹಾರದ ಜಾಗ) ಹೊರಬಾರದು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ತೆರಿಗೆ ಇಲ್ಲಿ. ಒಂದು ತಪ್ಪಿದರೂ ಅಲ್ಲಿ, ಅದೂ ಮೊದಲ ದಿನದಿಂದ. 184ನೇ ದಿನದಿಂದ ಶುರು ಅಂತ ತುಂಬ ಜನ ಅಂದುಕೊಂಡಿದ್ದಾರೆ, ಹಾಗಲ್ಲ.

183 ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಎಣಿಸುವುದು ಹೇಗೆ ಅನ್ನುವುದು ಕಡಿಮೆ ಜನಕ್ಕೆ ಗೊತ್ತು. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಭಾನುವಾರ, ಹಬ್ಬದ ರಜೆ, ಜ್ವರ ಬಂದು ರೂಮಿನಲ್ಲಿ ಮಲಗಿದ ದಿನ, ಎಲ್ಲವೂ ಲೆಕ್ಕ. ಅಲ್ಲಿ ಇದ್ದದ್ದು ಮುಖ್ಯ, ಕೆಲಸ ಮಾಡಿದ್ದು ಮುಖ್ಯ ಅಲ್ಲ. ಕೆಲವು ಒಪ್ಪಂದಗಳಲ್ಲಿ ಆ ದೇಶದ ತೆರಿಗೆ ವರ್ಷದೊಳಗಿನ ದಿನ ಎಣಿಸಬೇಕು, ಇನ್ನು ಕೆಲವಲ್ಲಿ ಯಾವುದೇ 12 ತಿಂಗಳು. ತೆರಿಗೆ ವರ್ಷವೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಜರ್ಮನಿ ಅಮೆರಿಕದ್ದು ಜನವರಿಯಿಂದ ಡಿಸೆಂಬರ್, ಆಸ್ಟ್ರೇಲಿಯಾದ್ದು ಜುಲೈನಿಂದ ಜೂನ್, ಬ್ರಿಟನ್ನಿನದು ಏಪ್ರಿಲ್ 6ರಿಂದ. ಹೀಗಾಗಿ ಒಬ್ಬನೇ ಮನುಷ್ಯನ ಒಂದೇ ಪ್ರವಾಸ ಎರಡು ದೇಶದ ಲೆಕ್ಕದಲ್ಲಿ ಬೇರೆ ಬೇರೆ ವರ್ಷಕ್ಕೆ ಹಂಚಿ ಹೋಗುತ್ತದೆ. ಅಂದಾಜಿನ ಮೇಲೆ ದಿನ ಬರೆದುಕೊಡುವ ಕಾಲವೂ ಹೋಯಿತು. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ, ಅಲ್ಪಾವಧಿಗೆ ಬರುವ ಹೊರಗಿನವರ ಪಾಸ್‌ಪೋರ್ಟ್‌ಗೆ ಸೀಲ್ ಒತ್ತುವ ಬದಲು ಬಂದುಹೋದದ್ದನ್ನು ಕಂಪ್ಯೂಟರಿನಲ್ಲೇ ದಾಖಲು ಮಾಡಲು ಶುರು ಮಾಡಿದವು. ಯಾರು ಎಷ್ಟು ದಿನ ಇದ್ದರು ಅಂತ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ.

ಸರಿ, 183 ದಿನ ದಾಟದ ಹಾಗೆ ಹುಡುಗರನ್ನು ಬದಲಾಯಿಸುತ್ತಾ ಇದ್ದರೆ ಆಯಿತಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಇಲ್ಲೇ ದೊಡ್ಡ ಪೆಟ್ಟು ಬೀಳುವುದು. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಒಂದು ಕಂಪನಿ ಅಂದುಕೊಳ್ಳಿ. ಜರ್ಮನಿಯ ಗಿರಾಕಿಗೆ ಒಂದು ಇಡೀ ಮಷಿನ್ ಲೈನ್ ಮಾರಿದೆ. ಜನವರಿ 10ಕ್ಕೆ ಮೊದಲ ತಂಡ ಹೋಗಿ ಪೆಟ್ಟಿಗೆ ಬಿಚ್ಚಿ ಕೆಲಸ ಶುರು ಮಾಡುತ್ತದೆ. ನಾಲ್ಕು ಜನ ಎರಡು ತಿಂಗಳು ಇದ್ದು ವಾಪಸ್, ಆಮೇಲೆ ಬೇರೆ ನಾಲ್ಕು ಜನ ಎರಡು ತಿಂಗಳು, ಆಮೇಲೆ ಇನ್ನೊಂದು ತಂಡ. ಯಾರೂ 183ರ ಹತ್ತಿರಕ್ಕೂ ಹೋಗಿಲ್ಲ. ಕೆಲಸ ಎಳೆದು ಎಳೆದು ಆಗಸ್ಟ್ ಕೊನೆಗೆ ಮುಗಿಯಿತು. ಭಾರತ-ಜರ್ಮನಿ ಒಪ್ಪಂದದಲ್ಲಿ ಇನ್ನೊಂದು ಮಾತಿದೆ: ಕಟ್ಟಡದ ಸೈಟು, ಮಷಿನ್ ಕೂರಿಸುವ ಅಥವಾ ಜೋಡಿಸುವ ಕೆಲಸ ಆರು ತಿಂಗಳಿಗಿಂತ ಜಾಸ್ತಿ ನಡೆದರೆ ಆ ಸೈಟೇ ನಿಮ್ಮ ಕಂಪನಿಯ ಕಾಯಂ ನೆಲೆ. ಇಲ್ಲಿ ಎಣಿಸುವುದು ಮನುಷ್ಯರ ದಿನ ಅಲ್ಲ, ಕೆಲಸದ ದಿನ. ಯಾವ ತಂಡ ಹೋಯಿತು, ಯಾವ ತಂಡ ಬಂತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬಿಡಿ ಭಾಗ ಬರಲಿಲ್ಲ ಅಂತ ಮಧ್ಯೆ ಮೂರು ವಾರ ಕೆಲಸ ನಿಂತರೂ ಗಡಿಯಾರ ನಿಲ್ಲುವುದಿಲ್ಲ.

ಈಗ ಆ ಮೂರನೇ ಷರತ್ತು ನೆನಪಿಸಿಕೊಳ್ಳಿ. ಅಲ್ಲಿ ಕಾಯಂ ನೆಲೆ ಹುಟ್ಟಿತು, ಆ ಸೈಟಿನಲ್ಲಿ ದುಡಿದವರ ಸಂಬಳ ಆ ನೆಲೆಯ ಖರ್ಚಾಯಿತು. ಅಲ್ಲಿಗೆ ಷರತ್ತು ಮುರಿಯಿತು. ಕಂಪನಿಯ ಲಾಭದಲ್ಲಿ ಒಂದು ಪಾಲಿಗೆ ಜರ್ಮನಿಯಲ್ಲಿ ತೆರಿಗೆ ಕಟ್ಟಬೇಕಾದ್ದು ಒಂದು ಕಡೆ ಇರಲಿ, ಬರೀ ಎರಡು ತಿಂಗಳು ಇದ್ದು ಮಾರ್ಚ್‌ನಲ್ಲಿ ಊರಿಗೆ ಬಂದ ಹುಡುಗನ ಆ ಎರಡು ತಿಂಗಳ ಸಂಬಳವೂ ಜರ್ಮನಿಯ ತೆರಿಗೆಗೆ ಸಿಕ್ಕಿಕೊಂಡಿತು. ಅವನು ಬಂದು ಐದು ತಿಂಗಳಾದ ಮೇಲೆ. ಅವನಿಗೆ ಗೊತ್ತೇ ಇಲ್ಲದೆ. ಕೆಲಸ ತಡವಾದದ್ದಕ್ಕೆ ಅವನು ಕಾರಣವೂ ಅಲ್ಲ.

ಇನ್ನೊಂದು ಸುತ್ತು ಇದೆ, ಇದು ನನಗೆ ತುಂಬ ನೋವು ಕೊಡುವ ವಿಷಯ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಲ್ಲ, ಕ್ರೆಡಿಟ್ ಸಿಗುತ್ತದಲ್ಲ ಅನ್ನುತ್ತಾರೆ. ಕಳೆದುಕೊಳ್ಳಬಹುದು, ಆದರೆ ಆ ಆದಾಯದ ಮೇಲೆ ಇಲ್ಲಿ ಎಷ್ಟು ತೆರಿಗೆ ಬರುತ್ತದೋ ಅಷ್ಟರವರೆಗೆ ಮಾತ್ರ. 2025ರ ಬಜೆಟ್ ಆದಮೇಲೆ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ಇಲ್ಲಿ ತೆರಿಗೆಯೇ ಇಲ್ಲ. ತಿಂಗಳಿಗೆ 45,000 ತೆಗೆದುಕೊಳ್ಳುವ ಫಿಟ್ಟರ್, ಜರ್ಮನಿಯಲ್ಲಿದ್ದ ಎರಡು ತಿಂಗಳಿಗೆ ಜಾಸ್ತಿ ಸಿಕ್ಕಿದ್ದನ್ನು ಸೇರಿಸಿದರೂ ಒಂಬತ್ತು ಹತ್ತು ಲಕ್ಷ ದಾಟುವುದಿಲ್ಲ. ಇಲ್ಲಿ ಅವನ ತೆರಿಗೆ ಸೊನ್ನೆ. ಸೊನ್ನೆಯಲ್ಲಿ ಏನನ್ನು ಕಳೆಯುತ್ತೀರಿ? ಜರ್ಮನಿಗೆ ಹೋದದ್ದು ಪೂರ್ತಿ ಅವನ ಕೈಯಿಂದ ಹೋದ ದುಡ್ಡು. ದೊಡ್ಡ ಸಂಬಳದ ಮ್ಯಾನೇಜರ್‌ಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಫಿಟ್ಟರ್‌ಗೆ ಸಿಗುವುದಿಲ್ಲ. ಆದ್ದರಿಂದಲೇ ನಾನು ಪಟ್ಟು ಹಿಡಿದು ಹೇಳುವುದು: ಹೊರದೇಶದಲ್ಲಿ ಹುಟ್ಟುವ ತೆರಿಗೆಯನ್ನು ಕಂಪನಿ ಹೊರಬೇಕು. ಕೆಲಸ ಕಂಪನಿಯದು, ಗಿರಾಕಿ ಕಂಪನಿಯವನು, ಎಷ್ಟು ದಿನ ಅನ್ನುವ ತೀರ್ಮಾನವೂ ಕಂಪನಿಯದು.

ಆರು ತಿಂಗಳು ಅನ್ನುವುದು ಜರ್ಮನಿಯ ಲೆಕ್ಕ, ಎಲ್ಲ ಕಡೆಗೂ ಅಲ್ಲ. ಯುಎಇ ಒಪ್ಪಂದದಲ್ಲಿ ಒಂಬತ್ತು ತಿಂಗಳು. ಅಮೆರಿಕದ್ದರಲ್ಲಿ 12 ತಿಂಗಳ ಒಳಗೆ 120 ದಿನ ದಾಟಿದರೆ ಸಾಕು, ಅದೂ ಅಲ್ಲಿರುವ ಇಂಥ ಸೈಟುಗಳನ್ನೆಲ್ಲ ಒಟ್ಟು ಸೇರಿಸಿ. ಗಿರಾಕಿಯ ಜೊತೆ ಆರ್ಡರ್ ಮಾತಾಡುವಾಗಲೇ ಈ ದಿನಗಳನ್ನು ನೋಡಿಕೊಂಡು ಕೂರಿಸುವ ಕೆಲಸದ ಅವಧಿ ಬರೆಸಿಕೊಳ್ಳಬೇಕು. ಆರು ತಿಂಗಳು ದಾಟುವುದು ಖಾತ್ರಿ ಅನಿಸಿದರೆ ಆ ಖರ್ಚನ್ನು ಮಷಿನ್ ಬೆಲೆಗೆ ಸೇರಿಸಬೇಕು. ಮಾರಾಟದವರು ಬೆಲೆ ಹೇಳಿ ಸಹಿ ಮಾಡಿ ಬಂದ ಮೇಲೆ ನನ್ನ ಹತ್ತಿರ ಬಂದರೆ ಉಳಿಯುವುದು ಖರ್ಚಿನ ಲೆಕ್ಕ ಮಾತ್ರ.

ಇನ್ನು ನಮ್ಮ ದೇಶದ ಕಡೆಯ ಲೆಕ್ಕ. ಒಬ್ಬ ಇಲ್ಲಿನ ತೆರಿಗೆಗೆ ನಿವಾಸಿಯೋ ಅಲ್ಲವೋ ಅನ್ನುವುದು ಅವನು ಆ ವರ್ಷ ಭಾರತದಲ್ಲಿ ಎಷ್ಟು ದಿನ ಇದ್ದ ಅನ್ನುವುದರ ಮೇಲೆ ನಿಂತಿದೆ. ಉದ್ಯೋಗಕ್ಕೆ ಅಂತ ದೇಶ ಬಿಟ್ಟು ಹೋಗುವ ಭಾರತೀಯನಿಗೆ ಗೆರೆ 182 ದಿನ. ಏಪ್ರಿಲ್ 1ರಿಂದ ಎಣಿಸಿ ನೋಡಿ: ಸೆಪ್ಟೆಂಬರ್ 28ಕ್ಕೆ 181 ದಿನ. ಅವತ್ತು ವಿಮಾನ ಹತ್ತಿ, ಮಾರ್ಚ್ 31ರವರೆಗೆ ವಾಪಸ್ ಬರದೇ ಇದ್ದರೆ ಆ ವರ್ಷ ಅವನು ಅನಿವಾಸಿ. ಒಂದು ದಿನ ತಡವಾಗಿ 29ಕ್ಕೆ ಹೊರಟರೆ ನಿವಾಸಿ, ಇಡೀ ಪ್ರಪಂಚದ ಆದಾಯಕ್ಕೆ ಇಲ್ಲಿ ಲೆಕ್ಕ ಕೊಡಬೇಕು. ದಸರಾ ಹಬ್ಬ ಮುಗಿಸಿಕೊಂಡು ಹೋಗ್ತೀನಿ ಸರ್ ಅನ್ನುವ ಹುಡುಗನಿಗೆ ಈ ಒಂದು ದಿನದ ಬೆಲೆ ಏನು ಅಂತ ಯಾರಾದರೂ ಮೊದಲೇ ಹೇಳಬೇಕು, ಅಲ್ವಾ? ಹಬ್ಬಕ್ಕೆ ನಿಲ್ಲುವುದೋ ಬಿಡುವುದೋ ಅವನ ಇಷ್ಟ, ಗೊತ್ತಿದ್ದು ತೀರ್ಮಾನ ಮಾಡಲಿ. ಹತ್ತಿಪ್ಪತ್ತು ದಿನದ ಸರ್ವಿಸ್ ಟೂರುಗಳನ್ನು ಉದ್ಯೋಗಕ್ಕಾಗಿ ದೇಶ ಬಿಟ್ಟದ್ದು ಅಂತ ತೋರಿಸುವುದಕ್ಕೆ ಹೋಗಬೇಡಿ, ಅದು ನಿಲ್ಲುವುದಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂತು, ಸೆಕ್ಷನ್ ನಂಬರುಗಳು ಬದಲಾದವು, ಸಂಬಳದ ಟಿಡಿಎಸ್‌ನ 192 ಹೋಗಿ 392 ಆಯಿತು. ದಿನ ಎಣಿಸುವ ಈ ಲೆಕ್ಕ ಮಾತ್ರ ಹಾಗೇ ಉಳಿದಿದೆ.

ಅನಿವಾಸಿ ಆದವನು ಹೊರಗೆ ದುಡಿದ ಸಂಬಳ ಇಲ್ಲಿ ತೆರಿಗೆಗೆ ಬರುವುದಿಲ್ಲ ಅನ್ನುವುದು ಮೂಲ ನಿಯಮ. ಆದರೆ ಆ ಸಂಬಳವನ್ನು ಕಂಪನಿ ನೇರವಾಗಿ ತುಮಕೂರಿನ ಬ್ಯಾಂಕ್ ಖಾತೆಗೇ ಹಾಕಿದರೆ? ಹಣ ಭಾರತದಲ್ಲಿ ಕೈಗೆ ಬಂತಲ್ಲ ಅನ್ನುವ ತಕರಾರು ಏಳುತ್ತದೆ. ಹಡಗಿನಲ್ಲಿ ದುಡಿದವರೊಬ್ಬರ ಕೇಸಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ನೌಕರನ ಪರವಾಗಿಯೇ ಹೇಳಿದೆ. 2017ರಲ್ಲಿ ಕೇಂದ್ರದ ನೇರ ತೆರಿಗೆ ಮಂಡಳಿ ಕೂಡ ವಿದೇಶಕ್ಕೆ ಓಡುವ ಹಡಗಿನ ಅನಿವಾಸಿ ನೌಕರರ ವಿಷಯದಲ್ಲಿ, ಸಂಬಳ ಇಲ್ಲಿನ, ಅನಿವಾಸಿಗಳಿಗೇ ಇರುವ ಎನ್‌ಆರ್‌ಇ ಖಾತೆಗೆ ಬಂದ ಮಾತ್ರಕ್ಕೆ ತೆರಿಗೆ ಇಲ್ಲ ಅಂತ ಸುತ್ತೋಲೆ ಹೊರಡಿಸಿತು. ಆದರೆ ಅದು ಹಡಗಿನವರಿಗೆ ಬರೆದ ಸುತ್ತೋಲೆ, ನೆಲದ ಮೇಲಿನ ಫಿಟ್ಟರ್‌ಗೆ ಅದನ್ನು ತೋರಿಸಿ ವಾದ ಮಾಡಬೇಕು. ನನ್ನ ಸಲಹೆ ಸರಳ: ವರ್ಷಗಟ್ಟಲೆ ಹೋಗುವವನಿಗೆ ಅಲ್ಲೇ ಒಂದು ಬ್ಯಾಂಕ್ ಖಾತೆ ಮಾಡಿಸಿ, ಸಂಬಳ ಅಲ್ಲಿಗೆ ಬೀಳಲಿ, ಆಮೇಲೆ ಮನೆಗೆ ಕಳಿಸಿಕೊಳ್ಳಲಿ. ವಾದ ಮಾಡುವ ಪರಿಸ್ಥಿತಿಯೇ ಬೇಡ.

ದುಬೈ, ಅಬುಧಾಬಿ ಅಂದರೆ ಎಲ್ಲರೂ ನಿರಾಳ ಆಗುತ್ತಾರೆ, ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಅಲ್ಲಿ ಇಲ್ಲ ಅಂದಮಾತ್ರಕ್ಕೆ ಇಲ್ಲೂ ಇಲ್ಲ ಅಂತಲ್ಲ. ನಾಲ್ಕು ತಿಂಗಳು ಹೋಗಿಬಂದ ಎಂಜಿನಿಯರ್ ಆ ವರ್ಷ ಭಾರತದ ನಿವಾಸಿಯೇ, ಅವನ ದುಬೈ ಸಂಬಳಕ್ಕೂ ಇಲ್ಲಿ ಟಿಡಿಎಸ್ ಹಿಡಿಯಬೇಕು. ಅಲ್ಲಿನ ಕಂಪನಿಯ ಹೆಸರಲ್ಲೇ ಕೆಲಸಕ್ಕೆ ಇಟ್ಟರೆ ಅಲ್ಲಿನ ನಿಯಮಗಳು ಬೇರೆ ಇವೆ: ಸಂಬಳ ಸರ್ಕಾರದ ನಿಗಾ ಇರುವ ವೇತನ ರಕ್ಷಣಾ ವ್ಯವಸ್ಥೆಯ ಮೂಲಕವೇ ಹೋಗಬೇಕು, ಒಂದು ವರ್ಷ ಪೂರೈಸಿದವನಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡಬೇಕು, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. ಸಿಂಗಾಪುರದಲ್ಲಿ ಇನ್ನೊಂದು ತರಹ. ವಿದೇಶಿ ನೌಕರ ಕೆಲಸ ಬಿಡುವ ಒಂದು ತಿಂಗಳು ಮೊದಲೇ ಕಂಪನಿ ತೆರಿಗೆ ಇಲಾಖೆಗೆ ಐಆರ್21 ಅನ್ನುವ ಫಾರ್ಮ್ ಕೊಡಬೇಕು, ಅವನಿಗೆ ಕೊಡಬೇಕಾದ ಹಣವನ್ನೆಲ್ಲ ತಡೆಹಿಡಿದು ತೆರಿಗೆ ಚುಕ್ತಾ ಆದಮೇಲೆ ಬಿಡುಗಡೆ ಮಾಡಬೇಕು. ಸುಮ್ನೆ ವಾಪಸ್ ಕರೆಸಿಕೊಂಡರೆ ದಂಡ ಬೀಳುವುದು ಕಂಪನಿಗೆ.

ತೆರಿಗೆ ಆಯಿತು. ಅದಕ್ಕಿಂತ ಜಾಸ್ತಿ ಜನ ಮರೆಯುವುದು ಪಿಎಫ್ ತರಹದ ವಂತಿಗೆ. ಜರ್ಮನಿಯಲ್ಲಿ ಪಿಂಚಣಿ ವಿಮೆಯೊಂದಕ್ಕೇ ಸಂಬಳದ 18.6 ಶೇಕಡಾ ಹೋಗುತ್ತದೆ, ಅರ್ಧ ಕಂಪನಿ, ಅರ್ಧ ನೌಕರ. ಇಲ್ಲೂ ಪಿಎಫ್ ಕಟ್ಟಿ ಅಲ್ಲೂ ಅದನ್ನು ಕಟ್ಟುವುದು ಯಾರಿಗೆ ಆಗುತ್ತದೆ? ಇದಕ್ಕಾಗಿಯೇ ಭಾರತ ಕೆಲವು ದೇಶಗಳ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಬೆಲ್ಜಿಯಂ ಜೊತೆ ಮೊದಲನೆಯದು, 2009ರಲ್ಲಿ ಜಾರಿಗೆ ಬಂತು. ಆಮೇಲೆ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ದಕ್ಷಿಣ ಕೊರಿಯಾ, ಜಪಾನ್, ಕೆನಡಾ, ಆಸ್ಟ್ರೇಲಿಯಾ ಹೀಗೆ ಪಟ್ಟಿ ಬೆಳೆದಿದೆ. ಈ ದೇಶಗಳಿಗೆ ಕಂಪನಿ ತನ್ನ ನೌಕರನನ್ನು ಕಳಿಸುವಾಗ ಪಿಎಫ್ ನೋಡುವ ಸಂಸ್ಥೆ ಇಪಿಎಫ್ಒದಿಂದ ಕವರೇಜ್ ಸರ್ಟಿಫಿಕೇಟ್ ಪಡೆದರೆ, ಇಲ್ಲಿನ ಪಿಎಫ್ ಮುಂದುವರಿಸಿಕೊಂಡು ಅಲ್ಲಿನ ವಂತಿಗೆಯಿಂದ ಬಿಡುವು ಸಿಗುತ್ತದೆ. ಜರ್ಮನಿಗೆ ನಾಲ್ಕು ವರ್ಷದವರೆಗೆ, ಜಪಾನಿಗೆ ಐದು.

ಈ ಸರ್ಟಿಫಿಕೇಟ್‌ಗೆ ಅರ್ಜಿ ಹಾಕುವುದು ಕಷ್ಟ ಅಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ. ಕಷ್ಟ ಆಗುವುದು ನಮ್ಮ ಕಾಗದಪತ್ರದ ಅಸಡ್ಡೆಯಿಂದ. ಯುಎಎನ್‌ನಲ್ಲಿ, ಅಂದರೆ ಪಿಎಫ್ ಖಾತೆಯ ನಂಬರಿನ ದಾಖಲೆಯಲ್ಲಿ, ಹೆಸರು ಇನಿಷಿಯಲ್ ಮುಂದೆ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಹಿಂದೆ ಬಂದಿರುತ್ತದೆ, ಆಧಾರ್‌ನಲ್ಲಿ ಇನ್ನೊಂದು ಥರ. ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಒಂದು, ಇನ್ನೊಂದು ಕಡೆ ಇರುವುದು ಒಂದು. ಅದನ್ನೆಲ್ಲ ಸರಿ ಮಾಡಿಸುವುದಕ್ಕೇ ವಾರಗಳು ಹೋಗುತ್ತವೆ. ಹಾಗಾಗಿ ಹೊರಗೆ ಹೋಗುವ ಸಾಧ್ಯತೆ ಇರುವ ಎಲ್ಲರ ಹೆಸರು, ತಾರೀಖು ಮೂರೂ ಕಡೆ ಒಂದೇ ಇದೆಯಾ ಅಂತ ಈಗಲೇ ನೋಡಿಟ್ಟುಕೊಳ್ಳಿ, ಆರ್ಡರ್ ಬಂದ ಮೇಲೆ ಅಲ್ಲ. ಸರ್ಟಿಫಿಕೇಟಿನ ಪ್ರತಿ ನೌಕರನ ಬ್ಯಾಗಿನಲ್ಲೇ ಇರಬೇಕು. ಸೈಟಿಗೆ ತಪಾಸಣೆಗೆ ಬರುವ ಅಧಿಕಾರಿ ಕೇಳುವುದು ಅವನನ್ನು, ನಿಮ್ಮ ಎಚ್‌ಆರ್‌ನ ಅಲ್ಲ.

ಅಮೆರಿಕದ ಜೊತೆ ಭಾರತಕ್ಕೆ ಇಂಥ ಒಪ್ಪಂದ ಇಲ್ಲ. ಅಲ್ಲಿ ಕೆಲಸದ ವೀಸಾ ಮೇಲೆ ದುಡಿಯುವ ನಮ್ಮವರ ಸಂಬಳದಿಂದ 6.2 ಶೇಕಡಾ ಸೋಷಿಯಲ್ ಸೆಕ್ಯುರಿಟಿ ಅನ್ನುವ ಪಿಂಚಣಿಗೆ, 1.45 ಶೇಕಡಾ ಮೆಡಿಕೇರ್ ಅನ್ನುವ ಆರೋಗ್ಯ ವಿಮೆಗೆ ಹಿಡಿಯುತ್ತಾರೆ, ಕಂಪನಿಯೂ ಅಷ್ಟೇ ಕೊಡಬೇಕು. ಅಲ್ಲಿನ ನಿವೃತ್ತಿ ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕರಂತೆ ಹತ್ತು ವರ್ಷ. ಎರಡು ಮೂರು ವರ್ಷ ದುಡಿದು ಬಂದವರ ದುಡ್ಡು ಅಲ್ಲೇ ಉಳಿಯುತ್ತದೆ, ವಾಪಸ್ ಕೇಳುವ ದಾರಿ ಇಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಬ್ರಿಟನ್ ಜೊತೆ ಇದೇ ಸಮಸ್ಯೆಗೆ, 2025ರ ಜುಲೈನಲ್ಲಿ ಸಹಿ ಆದ ವ್ಯಾಪಾರ ಒಪ್ಪಂದದ ಮಾತುಕತೆಯ ಜೊತೆಗೇ, ಕೆಲವು ವರ್ಷದವರೆಗೆ ವಿನಾಯಿತಿ ಕೊಡುವ ತೀರ್ಮಾನ ಆಯಿತು. ಅಮೆರಿಕದ ಜೊತೆಯೂ ಆಗಲೇಬೇಕು.

ಈಗ ಪೇ ಸ್ಲಿಪ್ಪಿಗೆ ಬರೋಣ, ಯಾಕೆಂದರೆ ಗಲಾಟೆ ಶುರುವಾಗುವುದೇ ಅಲ್ಲಿ. ಸಾಮಾನ್ಯವಾಗಿ ಏನು ಮಾಡುತ್ತಾರೆ? ಇಲ್ಲಿನ ಸಂಬಳ 45,000 ಹಾಗೇ ಇರುತ್ತದೆ. ಅದರ ಮೇಲೆ ದಿನಕ್ಕೆ ಇಷ್ಟು ಯೂರೋ ಅಂತ ಊಟ-ಖರ್ಚಿನ ಭತ್ಯೆ, ರೂಮು ಕಂಪನಿಯದು. ಹುಡುಗ ಊಟದಲ್ಲಿ ಉಳಿಸಿ ಮನೆಗೆ ಕಳಿಸುತ್ತಾನೆ. ಎಲ್ಲರಿಗೂ ಸಮಾಧಾನ. ಆದರೆ ಜರ್ಮನಿಯಲ್ಲಿ ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಹೊರಗಿನ ಕಂಪನಿ ಕಳಿಸಿದ ನೌಕರನಿಗೂ ಅದು ಅನ್ವಯ. ವಾರಕ್ಕೆ 40 ಗಂಟೆ ಅಂದರೆ ತಿಂಗಳಿಗೆ ಹತ್ತಿರಹತ್ತಿರ 2,400 ಯೂರೋ, ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ 2.4 ಲಕ್ಷ. ಊಟ, ವಸತಿ, ಪ್ರಯಾಣದ ಖರ್ಚಿಗೆ ಅಂತ ಕೊಟ್ಟ ಹಣ ಈ ಕನಿಷ್ಠ ವೇತನದ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ನೀವು ಭತ್ಯೆ ಅಂತ ಎಷ್ಟು ಕೊಟ್ಟರೂ ಅವರ ಕಣ್ಣಿಗೆ ಕಾಣುವುದು 45,000 ರೂಪಾಯಿ ಮಾತ್ರ. ಹಾಗಾಗಿ ಅಲ್ಲಿದ್ದ ಅವಧಿಗೆ ಸಂಬಳದ ಸಾಲನ್ನೇ ಏರಿಸಬೇಕು, ಗಂಟೆಯ ಲೆಕ್ಕ ಬರೆದಿಡಬೇಕು. ಯಜಮಾನರಿಗೆ ಇದು ದುಬಾರಿ ಅನಿಸುತ್ತದೆ, ನನಗೂ ಅರ್ಥ ಆಗುತ್ತದೆ. ಆದರೆ ಪಕ್ಕದಲ್ಲಿ ನಿಂತು ಅದೇ ಬೋಲ್ಟ್ ಬಿಗಿಯುವ ಜರ್ಮನಿಯವನಿಗೆ ಸಿಗುವ ಕನಿಷ್ಠ ಕೂಲಿಯಾದರೂ ನಮ್ಮ ಹುಡುಗನಿಗೆ ಸಿಗಲಿ ಅನ್ನುವುದು ತಪ್ಪೇ?

ಅಲ್ಲಿ ತೆರಿಗೆ ಹುಟ್ಟಿ, ಸಂಬಳ ಮಾತ್ರ ಇಲ್ಲಿಂದ ಹೋಗುತ್ತಿದ್ದರೆ ಎರಡೂ ಕಡೆ ಲೆಕ್ಕ ಇಡಬೇಕಾಗುತ್ತದೆ. ಇದಕ್ಕೆ ಷ್ಯಾಡೋ ಪೇರೋಲ್ ಅಂತಾರೆ. ಹಣ ಇಲ್ಲಿ ಮಾತ್ರ ಕೈ ಬದಲಾಗುತ್ತದೆ, ಆದರೆ ಆ ದೇಶದ ನಿಯಮದಂತೆ ಅಲ್ಲೊಂದು ಸಂಬಳ ಪಟ್ಟಿ ನಡೆಸಿ, ತಿಂಗಳ ತೆರಿಗೆ ಅಲ್ಲಿ ಕಟ್ಟುವುದು. ಕಂಪನಿ ನೌಕರನ ಪರವಾಗಿ ತೆರಿಗೆ ಕಟ್ಟಿದರೆ ಆ ತೆರಿಗೆಯೂ ಅವನ ಆದಾಯ ಅಂತ ಸೇರಿ ಅದಕ್ಕೆ ಮತ್ತೆ ತೆರಿಗೆ ಬರುತ್ತದೆ, ಆದ್ದರಿಂದ ಬಜೆಟ್ ಹಾಕುವಾಗ ಮೇಲ್ನೋಟದ ಲೆಕ್ಕ ಸಾಲುವುದಿಲ್ಲ. ಅಲ್ಲಿನ ಒಬ್ಬ ತೆರಿಗೆ ಸಲಹೆಗಾರರನ್ನು ಹಿಡಿಯಲೇಬೇಕು. ತುಮಕೂರಿನ ಆಡಿಟರ್ ಎಷ್ಟೇ ಬುದ್ಧಿವಂತರಿರಲಿ, ನಾನೂ ಸೇರಿ, ಜರ್ಮನಿಯ ಪಟ್ಟಿ ಇಲ್ಲಿ ಕೂತು ನಡೆಸುವುದು ಸರಿಯಲ್ಲ.

ಕಳಿಸುವುದು ಬೇಡ, ಅಲ್ಲೇ ಇರುವ ಒಬ್ಬರನ್ನು ಮಾರಾಟಕ್ಕೆ ಇಟ್ಟುಕೊಳ್ಳೋಣ ಅನ್ನುವವರೂ ಇದ್ದಾರೆ. ಅದೂ ಒಳ್ಳೆಯ ದಾರಿಯೇ. ಆದರೆ ಅವರಿಗೆ ತಿಂಗಳು ತಿಂಗಳು ಇನ್‌ವಾಯ್ಸ್ ಮೇಲೆ ದುಡ್ಡು ಕಳಿಸಿ ಕನ್ಸಲ್ಟೆಂಟ್ ಅಂತ ಕರೆದರೆ ಮುಗಿಯಲಿಲ್ಲ. ಕೆಲಸದ ಹೊತ್ತು ನೀವು ಹೇಳುತ್ತೀರಿ, ರಜೆ ನೀವು ಕೊಡುತ್ತೀರಿ, ಬೇರೆ ಗಿರಾಕಿ ಅವರಿಗಿಲ್ಲ ಅಂದರೆ ಬಹುತೇಕ ದೇಶಗಳಲ್ಲಿ ಅವರು ನೌಕರರೇ. ಜರ್ಮನಿಯಲ್ಲಿ ಕಚೇರಿ ಇಲ್ಲದ ಹೊರಗಿನ ಕಂಪನಿ ಸಂಬಳದಿಂದ ತೆರಿಗೆ ಹಿಡಿಯಬೇಕಾಗಿಲ್ಲ, ಅದನ್ನು ನೌಕರರೇ ರಿಟರ್ನ್ ಹಾಕಿ ಕಟ್ಟುತ್ತಾರೆ. ಆದರೆ ಸಾಮಾಜಿಕ ವಿಮೆಗೆ ಕಂಪನಿಯೇ ಅಲ್ಲಿ ನೋಂದಣಿ ಮಾಡಿಸಬೇಕು. ಜೊತೆಗೆ ಆ ವ್ಯಕ್ತಿ ನಿಮ್ಮ ಪರವಾಗಿ ಆರ್ಡರ್‌ಗಳಿಗೆ ಸಹಿ ಹಾಕುತ್ತಿದ್ದರೆ ಮತ್ತೆ ಅದೇ ಕಾಯಂ ನೆಲೆಯ ಪ್ರಶ್ನೆ. ಒಬ್ಬಿಬ್ಬರೇ ಆದರೆ ಎಂಪ್ಲಾಯರ್ ಆಫ್ ರೆಕಾರ್ಡ್ ಅನ್ನುವ ಸೇವೆಯವರ ಮೂಲಕ ಇಟ್ಟುಕೊಳ್ಳುವುದು ಸುಲಭ, ಅವರ ಹೆಸರಲ್ಲಿ ನೇಮಕ, ಅವರೇ ಸಂಬಳ ತೆರಿಗೆ ವಿಮೆ ಎಲ್ಲ ನೋಡುತ್ತಾರೆ. ಫೀಸು ಜಾಸ್ತಿ ಅನಿಸಿದರೂ ಸಣ್ಣ ಕಂಪನಿಗೆ ನಾನು ಅದನ್ನೇ ಹೇಳುತ್ತೇನೆ. ಸಹಿ ಹಾಕುವ ಅಧಿಕಾರ ಮಾತ್ರ ತುಮಕೂರಿನಲ್ಲೇ ಇಟ್ಟುಕೊಳ್ಳಿ.

ವಾಪಸ್ ಬಂದ ಮೇಲಿನ ಕೆಲಸವೂ ಇದೆ. ಅಲ್ಲಿ ಖಾತೆ ತೆರೆದಿದ್ದರೆ, ಅದರಲ್ಲಿ ನೂರು ಯೂರೋ ಉಳಿದಿದ್ದರೂ, ನಿವಾಸಿಯಾದ ವರ್ಷದ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಇದನ್ನು ಮುಚ್ಚಿಟ್ಟರೆ 10 ಲಕ್ಷ ದಂಡ. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಉಳಿದದ್ದೆಲ್ಲ ಸೇರಿ 20 ಲಕ್ಷದ ಒಳಗಿದ್ದರೆ ಆ ದಂಡ ಇಲ್ಲ, ಆದರೆ ತೋರಿಸುವ ಕರ್ತವ್ಯ ಹೋಗಿಲ್ಲ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಲು, ಹಳೇ ಕಾಯ್ದೆಯಲ್ಲಿ ಫಾರ್ಮ್ 67 ಅಂತ ಇತ್ತಲ್ಲ, ಅಂಥ ಹೇಳಿಕೆ ಮತ್ತು ಅಲ್ಲಿ ತೆರಿಗೆ ಹಿಡಿದ ಪುರಾವೆ ಬೇಕು. ಯೂರೋ ಸಂಬಳವನ್ನು ರೂಪಾಯಿಗೆ ತಿರುಗಿಸುವುದಕ್ಕೆ ಗೂಗಲ್‌ನಲ್ಲಿ ಕಂಡ ದರ ನಡೆಯುವುದಿಲ್ಲ. ಇಷ್ಟು ವರ್ಷ ನಾವು ರಿಟರ್ನ್‌ಗೆ ಹಿಡಿದದ್ದು ಸಂಬಳ ಬರಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ. ಆ ದರದ ಹಾಳೆಯನ್ನು ತಿಂಗಳು ತಿಂಗಳು ಪ್ರಿಂಟ್ ತೆಗೆದು ಫೈಲಿಗೆ ಹಾಕಿಡುವುದು ಒಳ್ಳೆಯದು, ಆಮೇಲೆ ಹುಡುಕುವುದು ಬಹಳ ಕಷ್ಟ.

ಇಷ್ಟೆಲ್ಲ ಆದಮೇಲೆ ನಾನು ಕಂಪನಿಗಳಿಗೆ ಬರೆಸುವುದು ಒಂದೇ ಪತ್ರ, ಎರಡು ಪುಟ, ಕನ್ನಡದಲ್ಲೂ ಒಂದು ಪ್ರತಿ. ಎಲ್ಲಿಗೆ, ಎಂದಿನಿಂದ ಎಂದಿನವರೆಗೆ, ಸಂಬಳ ಎಷ್ಟು, ಭತ್ಯೆ ಎಷ್ಟು, ಎರಡೂ ಬೇರೆ ಬೇರೆ ಸಾಲಿನಲ್ಲಿ. ಪಿಎಫ್ ಇಲ್ಲೇ ಮುಂದುವರಿಯುತ್ತದೆ ಅನ್ನುವ ಮಾತು. ತುಮಕೂರಿನಲ್ಲೇ ಇದ್ದಿದ್ದರೆ ಎಷ್ಟು ತೆರಿಗೆ ಬರುತ್ತಿತ್ತೋ ಅಷ್ಟನ್ನೇ ನೌಕರ ಕೊಡುತ್ತಾನೆ, ಅದಕ್ಕಿಂತ ಜಾಸ್ತಿ ಬಂದದ್ದು ಯಾವ ದೇಶದ್ದೇ ಆಗಲಿ ಕಂಪನಿಯದು ಅನ್ನುವ ಒಂದು ವಾಕ್ಯ. ಇಲ್ಲಿಯವರೆಗೆ ಹೆಚ್ಚಿನ ಯಜಮಾನರು ಒಪ್ಪುತ್ತಾರೆ. ಕೊನೆಯ ಸಾಲಿಗೆ ಮಾತ್ರ ಪೆನ್ನು ನಿಲ್ಲುತ್ತದೆ: ಅಲ್ಲಿನ ರಿಟರ್ನ್ ಹಾಕುವ ಸಲಹೆಗಾರರ ಫೀಸನ್ನೂ ಕಂಪನಿಯೇ ಕೊಡಬೇಕು, ಅಷ್ಟರಲ್ಲಿ ನೌಕರ ಕೆಲಸ ಬಿಟ್ಟು ಹೋಗಿದ್ದರೂ ಸಹ. ಬಿಟ್ಟು ಹೋದವನಿಗೆ ಯಾಕೆ ಕೊಡಬೇಕು ಅನ್ನುತ್ತಾರೆ. ಜರ್ಮನಿಯ ಒಂದು ವರ್ಷದ ರಿಟರ್ನ್‌ಗೆ ಸಾಮಾನ್ಯವಾಗಿ ಮುಂದಿನ ವರ್ಷದ ಜುಲೈ 31ರವರೆಗೆ ಸಮಯ ಇರುತ್ತದೆ. ಮಾರ್ಚ್‌ನಲ್ಲಿ ವಾಪಸ್ ಬಂದ ಹುಡುಗ ಅಷ್ಟು ಹೊತ್ತಿಗೆ ಪೀಣ್ಯದಲ್ಲೋ ಹೊಸೂರಿನಲ್ಲೋ ಬೇರೆ ಕೆಲಸದಲ್ಲಿರಬಹುದು. ಅವನ ಮನೆಗೆ ಜರ್ಮನ್ ಭಾಷೆಯಲ್ಲಿ ನೋಟಿಸ್ ಬಂದರೆ ಅದನ್ನು ಓದಿಸುವುದಕ್ಕೆ ಅವನು ಯಾರ ಹತ್ತಿರ ಹೋಗಬೇಕು? ಆ ತೆರಿಗೆ ಹುಟ್ಟಿದ್ದು ನಿಮ್ಮ ಆರ್ಡರಿನಿಂದ, ಆ ಸಾಲು ತೆಗೆಯುವ ಹಾಗಿಲ್ಲ ಅಂತ ನಾನು ಹೇಳುತ್ತೇನೆ, ಸಹಿ ಆಗುವವರೆಗೂ ಆ ಪತ್ರವನ್ನು ಮೇಜಿನ ಮೇಲಿಂದ ತೆಗೆಯುವುದಿಲ್ಲ.